ನಾಯಿಗಳ ಪಾಲಿನ ಹಾಲು

ನಿನ್ನೆ ಒಲೆಯ ಮೇಲಿಟ್ಟ ಹಾಲು ತಳ ಹಿಡಿಯಿತು. ಆ ಸೀದ ವಾಸನೆಗೆ ಅಕ್ಕೋರು ನೆನಪಾದರು... ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ನೋಡಿಕೊಳ್ಳುತ್ತಿದ್ದ ಹಿರಿಯ ನರ್ಸ್ ಅವರು. ಎರಡನೆಯ ಮಹಾಯುದ್ಧದ ಕಾಲ. ನಾನು ಆಗಷ್ಟೇ ಕೆಲಸ ಕಲಿಯಲು ಸೇರಿದ್ದೆ.

ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ದೊಡ್ಡ ಡಾಕ್ಟರು ನಾಲ್ಕು ನಾಯಿ ಕಟ್ಟಿದ್ದರು. ಬರೀ ಗಂಜಿ ಹಾಕಿ ಹಾಕಿ ಅವುಗಳ ರಕ್ತದೊಳಗಿನ ಪ್ರೋಟೀನು ಇಳಿಸುವುದು. ಕಾಲು, ಹೊಟ್ಟೆ ಬಾತುಕೊಂಡ ಮೇಲೆ ಹಾಲು ಕೊಟ್ಟು ಅದು ಎಷ್ಟು ದಿನಕ್ಕೆ ಮರಳಿ ಏರುತ್ತದೆಂದು ನೋಡುವುದು. ವಾರಕ್ಕೊಮ್ಮೆ ರಕ್ತ ತೆಗೆಯುವಾಗ ನಾಯಿಯನ್ನು ಹಿಡಿದುಕೊಳ್ಳುವ ಕೆಲಸ ನನ್ನದು. ಏರುತ್ತಿತ್ತು. ಬಾವು ಇಳಿದ ನಾಯಿಗಳು ನನ್ನ ಕೈ ನೆಕ್ಕುತ್ತಿದ್ದವು.

ಅದೇ ದಿನಗಳಲ್ಲಿ ಉಪ್ಪಿನಬೆಟಗೇರಿಯಿಂದ ಒಬ್ಬ ಬಾಣಂತಿ ಬಂದಳು. ತಿಂಗಳುಗಟ್ಟಲೆ ಜೋಳದ ಅಂಬಲಿಯ ಮೇಲೆಯೇ ಬದುಕಿದವಳು. ಆ ನಾಯಿಗಳಂತೆಯೇ ಬಾತಿದ್ದ ಕಾಲನ್ನು ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಅದೇ ಡಾಕ್ಟರು ಬರೆದದ್ದು ಗಂಜಿ ಮತ್ತು ಟಾನಿಕ್ಕು.

ಅಕ್ಕೋರು ಎಲ್ಲರೆದುರೇ ಕೇಳಿದರು: "ಸಾಹೇಬ್ರ, ಹಿಂದ ನಾಯಿಗೆ ಕೊಡೂ ಹಾಲು ಈಕಿಗೆ ಯಾಕ ಬರದಿಲ್ರಿ?"

ಪ್ರಯೋಗ ಇನ್ನೂ ಮುಗಿದಿಲ್ಲ, ವಾರ್ಡಿನ ಊಟದ ಪಟ್ಟಿ ಬದಲಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಹೇಳಿ ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಗೊತ್ತಿಲ್ಲದವರಾಗಿದ್ದರೆ ಕ್ಷಮಿಸುತ್ತಿದ್ದೆನೇನೋ. ಆ ಮನುಷ್ಯನಿಗೆ ಗೊತ್ತಿತ್ತು. ವಾರವಾರವೂ ಶೆಡ್ಡಿನಲ್ಲಿ ಕಣ್ಣಾರೆ ನೋಡುತ್ತಿದ್ದರು.

ಮರುದಿನದಿಂದ ಅಕ್ಕೋರು ಎರಡು ನಾಯಿಗಳ ಪಾಲಿನ ಹಾಲನ್ನು ಸ್ಪಿರಿಟ್ ಒಲೆಯ ಮೇಲೆ ಕಾಯಿಸಿ ಆಕೆಗೆ ಕುಡಿಸತೊಡಗಿದರು. ಮನೆಯಿಂದ ಬೇಯಿಸಿದ ಹೆಸರುಕಾಳು ತರುತ್ತಿದ್ದರು. ಮೂರನೆಯ ವಾರಕ್ಕೆ ಆಕೆಯ ಕಣಕಾಲಿನ ಎಲುಬು ಕಂಡಿತು. ತನ್ನ ಕಾಲನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಂಡು ನಕ್ಕಳು.

ಶೆಡ್ಡಿನಲ್ಲಿ ಎರಡು ನಾಯಿಗಳ ರಕ್ತ ಮಾತ್ರ ಸುಧಾರಿಸಲಿಲ್ಲ. ಡಾಕ್ಟರು ನನ್ನನ್ನು ಕರೆದು ಕೇಳಿದರು. ಕೆಲಸ ಹೋದೀತೆಂಬ ಹೆದರಿಕೆಗೆ ಅಕ್ಕೋರ ಹೆಸರು ಹೇಳಿಬಿಟ್ಟೆ.

ಅಕ್ಕೋರು ಏನನ್ನೂ ಮುಚ್ಚಿಡಲಿಲ್ಲ. "ಹೌದ್ರಿ, ನಾನಽ ಕುಡಿಸೇನಿ. ಮೊದಲ ಆಕಿ ಕಾಲು ನೋಡ್ರಿ. ಆಮ್ಯಾಲ ಏನ್ ಬರಿಯೂದೈತಿ ಬರೀರಿ."

ಡಾಕ್ಟರು ಕಾಲು ನೋಡಲಿಲ್ಲ. ಕಳ್ಳತನವೆಂದು ಬರೆದು ಅಂದೇ ಅವರನ್ನು ಕೆಲಸದಿಂದ ತೆಗೆಸಿದರು. ಕಳ್ಳತನವಂತೆ... ಆ ಶಬ್ದ ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಾಲ್ಕು ದಿನ ಬಿಟ್ಟು ಆ ಬಾಣಂತಿ ಗೇಟಿನವರೆಗೂ ಮಗುವನ್ನು ತಾನೇ ಎತ್ತಿಕೊಂಡು ನಡೆದಳು. ಅಕ್ಕೋರು ಎಲ್ಲಿ ಎಂದು ಕೇಳಿದಳು. ನಾನು ಗೇಟು ತೆರೆದುಕೊಟ್ಟು ವಾರ್ಡಿಗೆ ಮರಳಿದೆ.

ಕಳ್ಳಿ ಎಂಬ ಹಣೆಪಟ್ಟಿ ಹೊತ್ತ ಅಕ್ಕೋರಿಗೆ ಮತ್ತೆಲ್ಲೂ ನರ್ಸ್ ಕೆಲಸ ಸಿಗಲಿಲ್ಲ. ಒಮ್ಮೆ ದುರ್ಗದಬೈಲಿನ ಪೇಟೆಯಲ್ಲಿ ಎದುರಾದರು. "ಆರಾಮಿದ್ದೀಯೇನ ತಂಗಿ?" ಎಂದರು. ಕ್ಷಮೆ ಕೇಳಬೇಕಾದವಳು ತಲೆ ತಗ್ಗಿಸಿ ದಾಟಿಹೋದೆ. ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂತು.

ಈಗ ನನಗೆ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ಆ ಡಾಕ್ಟರ ಮೇಲಿನ ಸಿಟ್ಟು ಆರಿಲ್ಲ, ಆರುವುದೂ ಬೇಡ. ಆದರೆ ಅಂದು ಬಾಯಿಬಿಟ್ಟವಳು ನಾನು. ಅದನ್ನು ಹೇಳಿಕೊಳ್ಳಲು ಅಕ್ಕೋರು ಇಲ್ಲ.