ಮಾತ್ರೆ ನುಂಗುವವರೆಗೂ ಕದಲದ ಎದೆಲ್ಮಿರಾ

ಬೆಳಗಿನ ಐದೂವರೆ. ಆಲೂಗಡ್ಡೆ ಹೊಲಗಳ ಮೇಲೆ ಮಂಜು ಇನ್ನೂ ಎದ್ದಿಲ್ಲ. ಊರಿನ ಆರೋಗ್ಯ ಕಾರ್ಯಕರ್ತೆ ಎದೆಲ್ಮಿರಾ ಕ್ವಾಸ್ಪೂದ್ ಆಗಲೇ ಪಾರ್ಮೇನಿಯೊ ಅಜ್ಜನ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾರೆ. ಅಜ್ಜ ಒಲೆ ಮುಂದೆ ಕೂತು ಅಂಗೈಯಲ್ಲಿ ಮಾತ್ರೆ ಹೊರಳಿಸುತ್ತಿದ್ದಾನೆ. ಹದಿನಾಲ್ಕು ದಿನದ ಮಾತ್ರೆಯಲ್ಲಿ ಇವತ್ತಿಗೆ ಒಂಬತ್ತನೇ ದಿನ.

“ಬಾಯೆಲ್ಲ ತುಕ್ಕು ನೆಕ್ಕಿದ ಹಾಗಿದೆ ಕಣಮ್ಮ. ಶನಿವಾರ ಮೊಮ್ಮಗಳ ನಾಮಕರಣ ಬೇರೆ. ಒಂದು ಗುಟುಕು ಸಾರಾಯಿನೂ ಬೇಡ್ವಾ?”

“ಬೇಡ ಅಜ್ಜ. ಇನ್ನು ಐದೇ ದಿನ. ಆಮೇಲೆ ನೀನುಂಟು, ನಿನ್ನ ಬಾಟ್ಲಿ ಉಂಟು.”

“ನಿನ್ನ ಗಂಡ ಹ್ಯಾಗಪ್ಪಾ ತಡ್ಕೊಂಡಿದಾನೆ ನಿನ್ನ.”

“ಅವನ ಮುಂದೆನೂ ಹೀಗೇ ನಿಂತಿದ್ದೆ. ನುಂಗು.”

ಅಜ್ಜ ನುಂಗುತ್ತಾನೆ. ನಾಲಿಗೆ ಎತ್ತಿಸಿ ನೋಡಿ, ನಿನ್ನೆ ಸಂಜೆಯ ಖಾಲಿ ಪಟ್ಟಿ ಎಣಿಸಿ, ಎದೆಲ್ಮಿರಾ ಮುಂದಿನ ಮನೆಯ ಏರು ಹತ್ತುತ್ತಾರೆ. ಬೆಳಗಿನ ಹೊತ್ತು ಹನ್ನೊಂದು ಮನೆ. ಐವತ್ಮೂರು ವರ್ಷದ ಮಂಡಿಗಳು ಈ ಏರಿನಲ್ಲಿ ಕಟಕಟ ಮಾತಾಡುತ್ತವೆ.

ಪಾಸ್ತೊ ಪಟ್ಟಣದಿಂದ ಮೇಲಿನ ಈ ಬೆಟ್ಟದೂರಿನಲ್ಲಿ ಹೊಟ್ಟೆಯ ಕ್ಯಾನ್ಸರ್ ಮನೆತನದ ಮೂಗಿನ ಹಾಗೆ, ಬಂದೇ ಬರುತ್ತದೆ ಎಂದು ಜನ ನಂಬಿದ್ದರು. ಚಿಕ್ಕಂದಿನಲ್ಲೇ ಹೊಟ್ಟೆ ಸೇರುವ ಒಂದು ಬ್ಯಾಕ್ಟೀರಿಯಾ ವರ್ಷಗಟ್ಟಲೆ ಒಳಗೋಡೆಯನ್ನು ಕೆರಳಿಸುತ್ತಾ ಕೂರುತ್ತದೆ, ಕೆಲವರಲ್ಲಿ ಅದೇ ಕ್ಯಾನ್ಸರಿಗೆ ದಾರಿಯಾಗುತ್ತದೆ, ಬೇಗ ಕೊಂದರೆ ಅಪಾಯ ತಗ್ಗುತ್ತದೆ ಎಂದು ಮನೆಮನೆಗೆ ಹೇಳಿದ್ದು ಎದೆಲ್ಮಿರಾ. ಪರೀಕ್ಷೆಗೆ ಮಲದ ಡಬ್ಬಿ ಹೊತ್ತದ್ದೂ ಅವರೇ. “ಕಕ್ಕದ ರಾಣಿ ಬಂದ್ಲು ಅಂತ ಕೂಗ್ತಿದ್ರು. ಕೂಗ್ಲಿ, ಡಬ್ಬಿ ಕೊಟ್ರೆ ಸಾಕಿತ್ತು,” ಎನ್ನುತ್ತಾರೆ.

ಮೊದಲು ಅವರು ಯಾರ ಬಾಗಿಲಲ್ಲೂ ನಿಲ್ಲುತ್ತಿರಲಿಲ್ಲ. ಮಾತ್ರೆ ಕೊಟ್ಟು ಬರುತ್ತಿದ್ದರು. ಅಣ್ಣ ಲಿಯೋನಿದಾಸನಿಗೂ ಹಾಗೇ ಕೊಟ್ಟರು. ಎಲ್ಲ ನುಂಗಿದೆ ಎಂದ. ಮರುಪರೀಕ್ಷೆಗೆ ಕರೆದರೆ ಹೊಲದ ಕೆಲಸ ಎಂದ. ನಾಲ್ಕನೇ ವರ್ಷ ಅವನಿಗೆ ಅನ್ನ ಇಳಿಯದಾಯಿತು, ಆಮೇಲೆ ನೀರೂ. ಕೊನೆಯ ತಿಂಗಳು ಅಣ್ಣನನ್ನು ಅವರು ಮಗುವಿನಂತೆ ಎತ್ತಿ ಮಗ್ಗುಲು ಹೊರಳಿಸುತ್ತಿದ್ದರು.

ಅತ್ತಿಗೆ ರೊಸೌರಾ ಹೆಣದ ಮುಂದೆಯೇ, “ನಿನ್ನ ಮಾತ್ರೆ ಏನು ಕಿಸಿದ್ವು?” ಎಂದು ಬಾಗಿಲು ಹಾಕಿಕೊಂಡರು. ಎರಡು ವರ್ಷ ಆ ಬಾಗಿಲು ತೆರೆಯಲಿಲ್ಲ. ಒಳಗೆ ಅಣ್ಣನ ಮಗಳು ಯೆಸೇನಿಯಾ ಇದ್ದಳು, ಪರೀಕ್ಷೆಯಾಗದೆ.

ಕಳೆದ ತಿಂಗಳು ರೊಸೌರಾ ತಾವಾಗಿಯೇ ಬಂದರು. ಕೈಯಲ್ಲಿ ಹಳೇ ಆಲೂಗಡ್ಡೆ ಚೀಲದೊಳಗೆ ಸಿಕ್ಕ, ನುಂಗದೇ ಉಳಿದ ಮಾತ್ರೆ ಪಟ್ಟಿಗಳು. “ನಿನ್ನಣ್ಣ ಐದನೇ ದಿನಕ್ಕೇ ನಿಲ್ಲಿಸಿದ. ನಂಗೆ ಗೊತ್ತಿತ್ತು. ನಿಂಗೆ ಹೇಳ್ಬೇಡ ಅಂದ, ಹೇಳ್ಲಿಲ್ಲ. ಎಲ್ಲಿಟ್ಟಿದ್ದ ಅಂತ ಈಗ ಗೊತ್ತಾಯ್ತು.”

ಎದೆಲ್ಮಿರಾ ಬಯ್ಯಲಿಲ್ಲ. ವೈದ್ಯರನ್ನು ಕೇಳಿದರು: ಪೂರ್ತಿ ನುಂಗಿದ್ದರೆ ಅಣ್ಣ ಉಳಿಯುತ್ತಿದ್ದನೇ? ಇರಬಹುದು, ಇಲ್ಲದೆಯೂ ಇರಬಹುದು, ಆಗಲೇ ತಡವಾಗಿತ್ತೋ ಏನೋ ಎಂದರು. “ಇಲ್ಲ ಅಂದ್ಬಿಟ್ಟಿದ್ರೆ ನಿದ್ದೆ ಬರ್ತಿತ್ತು,” ಎನ್ನುವಾಗ ಎದೆಲ್ಮಿರಾ ಬೇರೆಲ್ಲೋ ನೋಡುತ್ತಾರೆ.

ಹನ್ನೊಂದನೇ ಮನೆ ರೊಸೌರಾರದು. ಯೆಸೇನಿಯಾಗೆ ಹತ್ತೊಂಬತ್ತು. ಅವಳಲ್ಲೂ ಬ್ಯಾಕ್ಟೀರಿಯಾ ಸಿಕ್ಕಿದೆ. ಇವತ್ತು ಹನ್ನೆರಡನೇ ದಿನ. ಅತ್ತಿಗೆ ನಾದಿನಿಯರ ನಡುವೆ ಇನ್ನೂ ಹೆಚ್ಚು ಮಾತಿಲ್ಲ. ರೊಸೌರಾ ನೀರು ಲೋಟಕ್ಕೆ ಬಗ್ಗಿಸಿ ಮಗಳಿಗೆ ಕೊಡುತ್ತಾರೆ, ಇಬ್ಬರೂ ಅವಳ ಗಂಟಲನ್ನೇ ನೋಡುತ್ತಾ ನಿಲ್ಲುತ್ತಾರೆ.

“ಹೋಯ್ತು ಅತ್ತೆ, ನೋಡು,” ಎಂದು ಹುಡುಗಿ ಬಾಯಿ ತೆರೆದು ತೋರಿಸಿ ಹಾಲು ಕರೆಯಲು ಹೋಗುತ್ತಾಳೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ಎದೆಲ್ಮಿರಾ ಖಾಲಿ ಪಟ್ಟಿ ಎಣಿಸುತ್ತಲೇ ಹೇಳುತ್ತಾರೆ: “ನಲವತ್ತು ವರ್ಷ ಆದ್ಮೇಲೆ ಇವಳಿಗೆ ಈ ಹದಿನಾಲ್ಕು ದಿನ ಮರೆತೇ ಹೋಗಿರ್ಬೇಕು. ಬರದೇ ಇರೋ ಕಾಯಿಲೆನ ಯಾರು ನೆನಪಿಟ್ಕೋತಾರೆ? ನಾನೂ ನೆನಪಿರೋದು ಬೇಡ.”