ಗಂಜಿಯ ಮುಂದೆ ಸ್ವರ್ಗದ ಜಗಳ

ಗಂಜಿ ಬಡಿಸುವ ಸೌಟನ್ನು ಇಬ್ಬರೂ ಹಿಡಿದು ಎಳೆದಾಡುತ್ತಿದ್ದರು. ನಾನು ಮುರಿದ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಬೆಳಗಿನಿಂದ ಬರೀ ಚಹಾ ಕುಡಿದು, ಖಾಲಿ ಬಟ್ಟಲಿನ ಮುಂದೆ ಕುಳಿತಿದ್ದೆ. ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಬಿಲ್ಡಿಂಗಿನಲ್ಲಿ ಇವರಿಬ್ಬರೂ ನನ್ನ ಅಕ್ಕಪಕ್ಕದ ಮನೆಯವರು. ಲಿಲ್ಲಿಬಾಯಿ ಮಂಗಳೂರಿನ ಕ್ಯಾಥೊಲಿಕ್, ಸುಗುಣಕ್ಕ ಉಡುಪಿಯ ಪ್ರೊಟೆಸ್ಟೆಂಟ್.

“ಬಿಡು ಮಾರಾಯ್ತಿ, ಈಸ್ಟರಿಗೆ ಮುಂಚಿನ ಈ ತಪಸ್ಸು ಕಾಲದಲ್ಲಿ ನನಗೊಂದು ಒಳ್ಳೆ ಕೆಲಸ ಬೇಕು. ನಿಮ್ಮ ಪ್ರೊಟೆಸ್ಟೆಂಟರಿಗೆ ಹೇಗೂ ಸ್ವರ್ಗಕ್ಕೆ ನಂಬಿಕೆ ಒಂದೇ ಸಾಕಲ್ಲ, ಹೋಗಿ ಸೋಫಾದಲ್ಲಿ ಕೂತ್ಕೊ!” ಎಂದರು ಲಿಲ್ಲಿಬಾಯಿ.

“ನೀನು ಸ್ವರ್ಗ ಸಿಗಲಿ ಅಂತ ಬಡಿಸುದು. ನಾನು ಅದು ಸಿಕ್ಕಿ ಆಯ್ತಲ್ಲ ಅಂತ ಖುಷಿಗೆ ಬಡಿಸುದು. ಸೌಟು ಬಿಡು!” ಎಂದರು ಸುಗುಣಕ್ಕ.

ಗಂಜಿ ಆರುತ್ತಿತ್ತು. ಯಾರ ಮನೆಯಲ್ಲೂ ಒಂದು ಲೋಟ ನೀರು ಕೇಳಲು ನಾಚುವ ನನಗೆ ಅಂದು ತಡೆಯಲಾಗಲಿಲ್ಲ.

“ಸ್ವರ್ಗಕ್ಕೆ ಯಾರು ಬೇಕಾದರೂ ಹೋಗಿ ಮಾರಾಯ್ರೆ, ನನಗೀಗ ಹಸಿವು!” ಎಂದುಬಿಟ್ಟೆ.

ಇಬ್ಬರೂ ಸೌಟು ಬಿಟ್ಟು ನಕ್ಕದ್ದೇ ನಕ್ಕದ್ದು. ಆಮೇಲೆ ಒಬ್ಬರು ಬಡಿಸಿದರು, ಒಬ್ಬರು ತಿನ್ನಿಸಿದರು.

ಮಕ್ಕಳೇ, ನಿಮ್ಮ ಅಜ್ಜ ಹೋದ ಮೇಲೆ ಹಸಿವು ಎಂಬ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಈಗ ಏನಾದರೂ ಬೇಕಾದರೆ ಗೋಡೆ ಬಡಿದು ಕೇಳುತ್ತೇನೆ. ಜಗಳವಾಗದಿರಲೆಂದು ಒಂದು ದಿನ ಈ ಕಡೆಯ ಗೋಡೆ, ಇನ್ನೊಂದು ದಿನ ಆ ಕಡೆಯದು.