ಬೂದಿಯಲ್ಲಿ ಮೂಡದ ಎಲುಬು

ನನ್ನ ಎಡಗಾಲಿನ ಕಿರುಬೆರಳ ಬುಡದಲ್ಲಿ ಒಂದು ಆಣಿ ಇದೆ. ಚಿಕ್ಕಂದಿನಿಂದಲೂ ಇದೆ. ಹೊಸ ಚಪ್ಪಲಿ ಮೆಟ್ಟಿದಾಗಲೆಲ್ಲ ಅಲ್ಲೇ ಕಡಿಯುತ್ತಿತ್ತು. ನಾನು ಮನೆ ಹಾರಿಹೋಗುವಂತೆ ರಂಪ ಮಾಡುತ್ತಿದ್ದೆ. ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತ, "ಅಂವಗ ನೆಟ್ಟಗ ಹೊಲಿಯಾಕ ಬರಂಗಿಲ್ಲ" ಎಂದು ಚಪ್ಪಲಿ ಮಾಡಿಕೊಟ್ಟವರನ್ನು ಬೈಯುತ್ತಿದ್ದಳು.

ಮಾಡಿಕೊಡುತ್ತಿದ್ದವರು ಅಫಜಲಪುರದ ಆಚೆ, ಘತ್ತರಗಿ ಕಡೆಯ ಹಳ್ಳಿಯವರು. ವರ್ಷಕ್ಕೊಮ್ಮೆ ಆಳಂದದ ನಮ್ಮ ಮನೆಗೆ ಬರುತ್ತಿದ್ದರು. ಅವರನ್ನು ಕಾಕಾ ಎಂದು ಕರೆಯಲು ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ಆಗೆಲ್ಲ ನಮ್ಮ ಮನೆಯವರಿಗೆ ಅವರು ಬರೀ "ಲೇ". ಬಂದವರು ಬಾಗಿಲ ಮೆಟ್ಟಿಲ ಕೆಳಗೆ ಕೂರುತ್ತಿದ್ದರು. ಅವ್ವ ಒಲೆಯ ಬೂದಿಯನ್ನು ಜರಡಿ ಹಿಡಿದು ಮೆಟ್ಟಿಲ ಮೇಲೆ ತೆಳ್ಳಗೆ ಹರಡುತ್ತಿದ್ದಳು. ನಾವು ಒಬ್ಬೊಬ್ಬರೇ ಅದರಲ್ಲಿ ಕಾಲೂರಿ ಸರಿಯಬೇಕು. ಕಾಕಾ ಜೋಳದ ದಂಟಿನ ಕಡ್ಡಿಯನ್ನು ಆ ಗುರುತಿನ ಮೇಲೆ ಹಿಡಿದು, ಉಗುರಿನಿಂದ ಗೀರಿ ಅಳತೆ ತೆಗೆದುಕೊಳ್ಳುತ್ತಿದ್ದರು. ನನಗದು ಆಟ. ಬೇಕೆಂದೇ ಎರಡೆರಡು ಸಲ ತುಳಿಯುತ್ತಿದ್ದೆ.

"ಹೋದ ಸಲದ್ದು ಭಾಳ ಕಡೀತು" ಎಂದು ನಾನು ದೂರು ಹೇಳಿದರೆ ಅವರು ಗುರುತಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡುತ್ತಿದ್ದರು. "ತಪ್ಪಾತ್ರಿ ಅವ್ವಾರ" ಎನ್ನುತ್ತಿದ್ದರು. ನಾನಿನ್ನೂ ಎಂಟು ವರ್ಷದವಳು, ನನಗೇ "ಅವ್ವಾರ". ಒಳಗೆ ಪಡಸಾಲೆಯಲ್ಲಿ ಅಪ್ಪ ಹಣೆ ತುಂಬ ವಿಭೂತಿ ಧರಿಸಿ, ಶರಣರಿಗೆ ಮೇಲು ಕೀಳು ಇರಲಿಲ್ಲವೆಂದು ಬಂದವರಿಗೆ ಹೇಳುತ್ತಿದ್ದರು. ಕಾಕಾ ಎದ್ದು ಹೋದ ಮೇಲೆ ಅವ್ವ ಮೆಟ್ಟಿಲಿಗೆ ನೀರು ಹೊಯ್ಯುತ್ತಿದ್ದಳು. ಬೂದಿ ತೊಳೆಯುತ್ತಾಳೆ ಅಂದುಕೊಂಡಿದ್ದೆ.

ಮುಂದೆ ನಾನೇ ಚಪ್ಪಲಿ ಕಾರ್ಖಾನೆ ಮಾಡುತ್ತೇನೆಂದು ಹೊರಟಾಗ ಬಂಧುಗಳು ಮೂಗು ಮುರಿದರು. ನನಗೆ ಹಟ. ಅಫಜಲಪುರ ರಸ್ತೆಯಲ್ಲಿ ಖಾಲಿ ಬಿದ್ದಿದ್ದ ತೊಗರಿ ಗೋದಾಮು ಹಿಡಿದೆ. ಜೇವರ್ಗಿ ಕಡೆಯಿಂದ ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲನ್ನೇ ತರಿಸಬೇಕು, ಹಳ್ಳದ ನೀರು ಕೆಡಬಾರದು, ಹೊಲಿಯುವವರೇ ಪಾಲುದಾರರಾಗಬೇಕು, ಭೂಸನೂರ ಕಡೆ ಕಬ್ಬು ಕಡಿಯುವ ಹೆಂಗಸರ ಕಾಲಿಗೂ ದಪ್ಪ ಅಟ್ಟೆಯ ಚಪ್ಪಲಿ ಸಿಗಬೇಕು. ಇವೆಲ್ಲ ಬಾಯಿಬಿಟ್ಟು ಹೇಳುತ್ತಿದ್ದ ಮಾತು. ಹೇಳದೆ ಉಳಿಸಿಕೊಂಡದ್ದು ಒಂದೇ ಆಸೆ: ಕಾಕಾ ನನ್ನೆದುರು ಸಂಕೋಚವಿಲ್ಲದೆ ಕುರ್ಚಿಯ ಮೇಲೆ ಕೂರಬೇಕು.

ಕಾಕಾ ಸೊಸೆಯನ್ನು ಕರೆದುಕೊಂಡು ಹೊಸಬರಿಗೆ ಕೆಲಸ ಕಲಿಸಲು ಬಂದರು. ಕುರ್ಚಿ ತೋರಿಸಿದರೆ ಗೋಣಿಚೀಲ ಹಾಸಿಕೊಂಡು ಕೂತರು. ಮೊದಲ ದಿನ, "ಅಳತಿ ಹೆಂಗ ತಗೋಬೇಕು ಇವರಿಗೆ ತೋರಸ್ರಿ ಕಾಕಾ" ಎಂದು ಚಪ್ಪಲಿ ಬಿಟ್ಟು ನಿಂತೆ. ಅವರು ನನ್ನ ಕಾಲು ನೋಡಿದರು, ಆಮೇಲೆ ನೆಲ ನೋಡಿದರು. "ಬೂದಿ ಅದನ್ರಿ ಅವ್ವಾರ?" ಎಂದರು.

ನನ್ನ ಬಾಲ್ಯವೇ ಎದ್ದು ಬಂದಷ್ಟು ಖುಷಿಯಾಯಿತು. ಬೂದಿ ತರಿಸಿ, ಸೀರೆ ಎತ್ತಿ ಹಿಡಿದು, ನಗುನಗುತ್ತ ಕಾಲೂರಿದೆ. ಯಾರೋ ಫೋಟೊ ತೆಗೆದರು. ಆ ಬೂದಿಯ ಹೆಜ್ಜೆಯನ್ನೇ ನಮ್ಮ ಕಾರ್ಖಾನೆಯ ಗುರುತು ಮಾಡಿ ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಅಚ್ಚು ಹಾಕಿಸಿದೆ. ಪುಣೆಯ, ಬೆಂಗಳೂರಿನ ಗಿರಾಕಿಗಳು ಕೊಂಡಾಡಿದರು. ನಾನೂ ಉಬ್ಬಿದೆ.

ಕಾಕಾ ಮಾತ್ರ ಡಬ್ಬಿಗಳನ್ನು ಯಾವಾಗಲೂ ಬೋರಲು ಪೇರಿಸುತ್ತಿದ್ದರು. ಗುರುತು ಕೆಳಗೆ, ತಳ ಮೇಲೆ. ಕಣ್ಣು ಮಂಜಾಗಿದೆ ಅಂದುಕೊಂಡು ನಾಲ್ಕಾರು ಸಲ ನಾನೇ ತಿರುಗಿಸಿದೆ. ಒಂದು ದಿನ ಎಲ್ಲರ ಮುಂದೆ ರೇಗಿದೆ: "ಎಷ್ಟ ಸಲ ಹೇಳಬೇಕ್ರಿ ಕಾಕಾ? ಗುರುತು ಮ್ಯಾಲ ಬರಬೇಕು!" "ತಪ್ಪಾತ್ರಿ ಅವ್ವಾರ" ಎಂದರು. ಮರುದಿನ ಡಬ್ಬಿಗಳು ಮತ್ತೆ ಬೋರಲು.

ಕಳೆದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಅವರ ಗೋಣಿಚೀಲವನ್ನು ಯಾರೂ ಎತ್ತಲಿಲ್ಲ, ಅದರ ಮೇಲೆ ಯಾರೂ ಕೂರಲೂ ಇಲ್ಲ. ಬೆಳಿಗ್ಗೆ ಬೀಗ ತೆಗೆಯುವಾಗ ಒಳಗೆ ಕಲ್ಲಿನ ಮೇಲೆ ತೊಗಲು ಬಡಿಯುವ ಸದ್ದು ಕೇಳಿದಂತಾಗಿ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದೆ. ಹೀಗೇ ಒಂದು ಬೆಳಿಗ್ಗೆ ಬಾಗಿಲು ತೆರೆದರೆ, ಹಿಂದಿನ ದಿನ ನಾನೇ ನೆಟ್ಟಗೆ ಜೋಡಿಸಿ ಹೋಗಿದ್ದ ಡಬ್ಬಿಗಳೆಲ್ಲ ಬೋರಲು. ಹೆದರಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕೆಲಸಕ್ಕೆ ಬಂದ ಅವರ ಸೊಸೆಗೆ ತೋರಿಸಿದೆ. "ನಾನ್ರಿ" ಎಂದಳು. "ನಿನ್ನೆ ನೀವು ಹೋದ ಮ್ಯಾಲ ಮಾಡೇನಿ, ನನ್ನ ಹತ್ರಾನೂ ಒಂದು ಕೀಲಿ ಅದಲ್ರಿ. ಮೊದಲ ಮಾವ ಮಾಡತಿದ್ರು, ಈಗ ನಾ ಮಾಡಾಕತ್ತೇನಿ."

"ಯಾಕ?"

"ಬೂದ್ಯಾಗ ಅಳತಿ ಯಾಕ ತಗೋತಿದ್ರು, ನಿಮಗ ಖರೇನ ಗೊತ್ತಿಲ್ಲೇನ್ರಿ ಅಕ್ಕಾರ?"

"ಹಳೇ ಪದ್ಧತಿ ಅಲ್ಲೇನು?"

"ಪದ್ಧತಿನ ಅದು. ನಿಮ್ಮ ಕಾಲು ನಾವು ಮುಟ್ಟಬಾರ್ದಿತ್ರಿ. ನಮ್ಮ ಓಣ್ಯಾಗ ಮಾವ ಕಾಲು ಕೈಯಾಗ ಹಿಡದೇ ಅಳೀತಿದ್ರು. ಬೂದಿ ನಿಮ್ಮಂಥ ಮನಿಗಳಿಗಷ್ಟ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ. ಅವ್ವ ನೀರು ಹೊಯ್ದು ತೊಳೆಯುತ್ತಿದ್ದುದು ಬೂದಿಯನ್ನಲ್ಲ. ನಾನು ಆ ಮೆಟ್ಟಿಲನ್ನು ಡಬ್ಬಿ ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಊರೂರಿಗೆ ಕಳಿಸಿದ್ದೆ. ನಾಚಿಕೆಯಿಂದ ಸುಟ್ಟುಹೋದೆ. ಅವತ್ತೇ ಮುಚ್ಚಳಕ್ಕೆ ಅಚ್ಚು ಹಾಕುವುದನ್ನು ನಿಲ್ಲಿಸಿದೆ. ಈಗ ನಮ್ಮ ಡಬ್ಬಿಯ ಮೇಲೆ ಯಾವ ಗುರುತೂ ಇಲ್ಲ.

ಆದರೆ ಅಂದು ಅಷ್ಟಕ್ಕೇ ಮುಗಿಯಲಿಲ್ಲ. "ಹಂಗಾದ್ರ ನೀ ಹಿಡದು ಅಳಿಯವ್ವ" ಎಂದು ಕಾಲು ಚಾಚಿದೆ. ಅವಳು ನನ್ನ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಬೆರಳುಗಳು ಹೆಬ್ಬೆರಳಿನಿಂದ ಅಂಚಿನಗುಂಟ ಸರಿಯುತ್ತ ಬಂದು ಆಣಿಯ ಹತ್ತಿರ ನಿಂತವು.

"ಇಲ್ಲೊಂದು ಎಲುಬು ಹೊರಗ ಬಂದದ್ರಿ" ಎಂದಳು. "ಹುಟ್ಟಾನ ಇರಬೇಕು. ನೆಲಕ್ಕ ಹತ್ತಂಗಿಲ್ಲ ನೋಡ್ರಿ, ಮ್ಯಾಲ ಅದ. ಬೂದ್ಯಾಗ ಹೆಂಗ ಮೂಡಬೇಕು?"

ಕಾಲು ಕೆಳಗಿಡದೆ ಹಾಗೇ ಹಿಡಿದುಕೊಂಡು ಆಮೇಲೆ ಹೇಳಿದಳು: "ನಾ ಮದವಿ ಆಗಿ ಬಂದಾಗಿಂದ ಕೇಳೇನ್ರಿ. ನಿಮ್ಮ ಮನಿ ಚಪ್ಪಲಿ ಹೊಲಿಯೋವಾಗ ಒಮ್ಮೊಮ್ಮಿ ಮಾವ ಕೈ ನಿಲ್ಲಿಸಿ ಅಂತಿದ್ರು, 'ಆ ಹುಡಗೀ ಕಾಲು ಯಾಕ ಕಡೀತದ, ನಾ ಎಲ್ಲಿ ತಪ್ಪಾಕತ್ತೇನಿ ತಿಳೀವಲ್ದು.'"

ಅವಳು ಹೊಲಿದುಕೊಟ್ಟ ಜೋಡು ಕಡಿಯುವುದಿಲ್ಲ. ಮೊದಲ ಸಲ ಮೆಟ್ಟಿಕೊಂಡು ಗೋದಾಮಿನೊಳಗೆ ನಾಲ್ಕು ಹೆಜ್ಜೆ ನಡೆದೆ. ಗೋಣಿಚೀಲದ ಹತ್ತಿರ ಬಂದಾಗ ಮುಂದೆ ಹೋಗಲು ಆಗಲಿಲ್ಲ. ತಪ್ಪು ನಿಮ್ಮದಲ್ಲ ಕಾಕಾ ಎಂದು ಅಲ್ಲಿ ಹೇಳಿದೆ. ಕೇಳಿಸಿಕೊಳ್ಳಲು ಅವರಿರಲಿಲ್ಲ.